ಕೆರೆ ಏರಿಯ ಕೆಳಗಿನ ಮೆಂಬರಮ್ಮ

ಅವರ ಬಲಗೈಯ ಬೆರಳ ಸಂದಿಯಲ್ಲಿ ಮಳೆಗಾಲವಿಡೀ ಕೆಂಪು ಮಣ್ಣು ಇರುತ್ತಿತ್ತು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಬುಡದಲ್ಲಿ ಒಂದು ಗೆರೆ ಉಳಿಯುತ್ತಿತ್ತು. ಬೆಳಗ್ಗೆ ಎದ್ದವರೇ ಮುಖಕ್ಕೂ ನೀರು ಹಾಕಿಕೊಳ್ಳದೆ, ಅಂಚು ಒಡೆದ ಒಂದು ಬಿಳಿ ಪಿಂಗಾಣಿ ಬಟ್ಟಲು ಹಿಡಿದುಕೊಂಡು ಮನೆಯ ಹಿಂದಕ್ಕೆ ಹೋಗುತ್ತಿದ್ದರು. ಅಲ್ಲಿ ಕೆರೆ ಏರಿಯ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಅಂಗೈಯನ್ನು ಮಣ್ಣಿಗೆ ಒತ್ತಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದರು. ಆಮೇಲೆ ಏರಿಯಿಂದ ಜಿನುಗುವ ನೀರನ್ನು ಬಟ್ಟಲಿಗೆ ಹಿಡಿದು ಬೆಳಕಿಗೆ ಎತ್ತಿ ನೋಡುವರು. ನೀರು ತಿಳಿಯಾಗಿದ್ದರೆ ಚೆಲ್ಲಿ ಒಳಗೆ ಬಂದು ಕಾಫಿಗೆ ಇಡುವರು. ನಮ್ಮ ಮನೆಯಲ್ಲಿ ಕಾಫಿಯ ಹೊತ್ತನ್ನು ಗಡಿಯಾರ ಹೇಳುತ್ತಿರಲಿಲ್ಲ, ಆ ಬಟ್ಟಲು ಹೇಳುತ್ತಿತ್ತು.

ಊರವರು ಅವರನ್ನು ಮೆಂಬರಮ್ಮ ಎನ್ನುತ್ತಿದ್ದರು. ಅರವತ್ತರ ದಶಕದ ನಡುವಿನ ವರ್ಷಗಳವು. ತಾಲ್ಲೂಕು ಬೋರ್ಡಿನಲ್ಲಿ ಹೆಂಗಸರಿಗೆಂದು ಮೀಸಲಿಟ್ಟ ಜಾಗಕ್ಕೆ ಅವರನ್ನು ಕೂರಿಸಿದ್ದರು. ಕೂರಿಸಿದವರು, ಪಾಪ, ಇವರು ಸುಮ್ಮನೆ ಕೂರುತ್ತಾರೆ ಎಂದು ತಿಳಿದಿದ್ದರಂತೆ. ಹೊಸನಗರದ ಆಚೆಯ ಹಳ್ಳಿಯಿಂದ ಈ ಊರಿನ ಗೌಡರ ಮನೆಗೆ ಸೊಸೆಯಾಗಿ ಬಂದವರು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಮೊದಲು ಮೈದುನನ ಸಂಸಾರದ ಜೊತೆ ದಿಬ್ಬದ ಮೇಲಿನ ದೊಡ್ಡಮನೆಯಲ್ಲಿ ಇದ್ದರು. ನಾನು ಕಂಡಾಗ ಐವತ್ತರ ಹತ್ತಿರ ಹತ್ತಿರ. ಗಟ್ಟಿ ಮೈ, ಮೆಲ್ಲಗಿನ ದನಿ. ಎಂಥ ಸಿಟ್ಟು ಬಂದರೂ ಆ ದನಿ ಏರುತ್ತಿರಲಿಲ್ಲ. ಯಾರಾದರೂ ಕಷ್ಟ ಹೇಳಿಕೊಂಡು ಬಂದರೆ ಪೂರ್ತಿ ಕೇಳಿ, ಕಡೆಗೆ ಒಂದೇ ಮಾತು: "ಎಂತ ಆಗೂದಿಲ್ಲ, ಹೋಗಿ ಊಟ ಮಾಡು."

ನಾನು ಮೇಗರವಳ್ಳಿಯ ಕಡೆಯವಳು. ಹುಟ್ಟಿದ್ದು ಮಳೆಯಲ್ಲಿ, ಬೆಳೆದದ್ದು ಮಳೆಯಲ್ಲಿ, ಆದರೂ ನೀರೆಂದರೆ ನನಗೆ ಪ್ರಾಣಭಯ. ಹಳ್ಳ ದಾಟುವಾಗ ಅಣ್ಣಂದಿರು ನನ್ನ ಎರಡೂ ಕೈ ಹಿಡಿದು ಎಳೆದೊಯ್ಯಬೇಕಿತ್ತು, ನಾನು ಕಣ್ಣು ಮುಚ್ಚಿಕೊಂಡು ಕಿರುಚುತ್ತಾ ಹೋಗುತ್ತಿದ್ದೆ. ಟೀಚರ್ ಕೆಲಸ ಸಿಕ್ಕಿ ಸಾಗರದಿಂದ ಪೂರ್ವಕ್ಕೆ, ಶಿಕಾರಿಪುರದ ಗಡಿಗೆ ಹತ್ತಿರದ ಈ ಹಳ್ಳಿಗೆ ಆರ್ಡರ್ ಬಂದಾಗ ದೇವರು ಕಡೆಗೂ ಕಣ್ಣು ಬಿಟ್ಟ ಅಂದುಕೊಂಡೆ. ಅಲ್ಲಿ ಹಳ್ಳವೆಂದರೆ ಮರಳು, ಬಾವಿಯೆಂದರೆ ಹಗ್ಗ. ಒಂಟಿ ಹೆಣ್ಣುಮಗಳು ಎಲ್ಲೆಲ್ಲೋ ಇರುವುದು ಬೇಡವೆಂದು ಮೆಂಬರಮ್ಮನೇ ನನ್ನನ್ನು ದೊಡ್ಡಮನೆಯಲ್ಲಿ ತಮ್ಮ ಕೋಣೆಗೆ ಸೇರಿಸಿಕೊಂಡರು. ಜನರೆದುರು ಅವರ ಬಾಯಲ್ಲಿ ನಾನು ಅಕ್ಕೋರು, ಒಳಗೆ ಬಂದರೆ ಹುಡ್ಗಿ.

ನಾನು ಹೋದ ವರ್ಷವೂ ಅದರ ಹಿಂದಿನ ವರ್ಷವೂ ಮಳೆ ಕೈಕೊಟ್ಟಿತ್ತು. ಶಾಲೆಗೆ ಮಕ್ಕಳು ತಡವಾಗಿ ಬಂದರೆ ಬಯ್ಯುವ ಹಾಗಿರಲಿಲ್ಲ. ಬಾವಿಯ ಹತ್ತಿರ ಪಾಳಿ ಕಾದು ಬಂದಿರುತ್ತಿದ್ದರು. ಸರ್ಕಾರ ಬರದ ಸೀಮೆಗೆ ಕೆರೆ ಕಟ್ಟಲು ಹಣ ಕೊಡುತ್ತದೆ ಎಂದು ಸುದ್ದಿ ಬಂತು. ಆದರೆ ನಮ್ಮ ತಾಲ್ಲೂಕಿನ ಹೆಸರು ಬರದ ಪಟ್ಟಿಯಲ್ಲಿ ಬರುವುದೇ ಕಷ್ಟವಾಗಿತ್ತು. ಪಶ್ಚಿಮದ ಕಾಡಿನ ಮಳೆಯನ್ನೂ ನಮ್ಮ ಕಡೆಯ ಒಣ ಬಿಸಿಲನ್ನೂ ಕೂಡಿಸಿ ಭಾಗಿಸಿದರೆ ಕಾಗದದಲ್ಲಿ ನಾವು ಯಾವಾಗಲೂ ಒದ್ದೆ. ಮೆಂಬರಮ್ಮ ಬಸ್ಸು ಹತ್ತಿ ಸಾಗರಕ್ಕೆ ಹೋಗುವರು, ಶಿವಮೊಗ್ಗಕ್ಕೆ ಹೋಗುವರು, ಬೆಂಚಿನ ಮೇಲೆ ಕೂತು ವಾಪಸು ಬರುವರು. ಎಲ್ಲ ಕಡೆ ಒಂದೇ ನಗು. ಮಲೆನಾಡಿನವರಿಗೆ ಬರದ ದುಡ್ಡಾ?

ಕಡೆಗೆ ಇವರ ಕಾಟ ತಡೆಯಲಾರದೆ ಒಬ್ಬ ಇಂಜಿನಿಯರು ಜೀಪಿನಲ್ಲಿ ಬಂದರು. ಒಳ್ಳೆಯ ಮನುಷ್ಯ, ಬಿಸಿಲಿಗೆ ಬೆಂದು ಕೆಂಪಾಗಿದ್ದರು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಒಂದು ಚೂರು ಬೆಲ್ಲ, ಒಂದು ಲೋಟ ನೀರು, ಮಾತು ಆಮೇಲೆ. ಮೆಂಬರಮ್ಮ ತಾವೇ ತಟ್ಟೆ ತಂದು ಅವರ ಮುಂದಿಟ್ಟರು. ಬೆಲ್ಲವಿತ್ತು. ಲೋಟವೂ ಇತ್ತು, ಫಳಫಳ ತಿಕ್ಕಿದ ಕಂಚಿನ ಲೋಟ. ಅದರಲ್ಲಿ ನೀರಿರಲಿಲ್ಲ. ಇಂಜಿನಿಯರು ಲೋಟ ಎತ್ತಿ, ಒಳಗೆ ನೋಡಿ, ಇವರ ಮುಖ ನೋಡಿದರು.

"ಬೆಲ್ಲ ತಿನ್ನಿ ಸ್ವಾಮಿ," ಎಂದರು ಮೆಂಬರಮ್ಮ ಅದೇ ಮೆಲ್ಲನೆಯ ದನಿಯಲ್ಲಿ. "ನೀರು ಕೆರೆ ಆದ್ಮೇಲೆ ಕೊಡ್ತೀನಿ."

ಮೈದುನ ನಾಚಿಕೆಯಿಂದ ಕಂಬದ ಹಿಂದೆ ಸರಿದು ನಿಂತರು. ಮನೆಗೆ ಬಂದವರಿಗೆ ಖಾಲಿ ಲೋಟ ಕೊಡುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಂಜಿನಿಯರು ಮಾತ್ರ ಸಿಟ್ಟಾಗಲಿಲ್ಲ. ಬೆಲ್ಲ ಬಾಯಿಗೆ ಹಾಕಿಕೊಂಡು, ಒಣ ಗಂಟಲಲ್ಲೇ ಹಳ್ಳದ ಉದ್ದಕ್ಕೂ ನಡೆದು ಅಳತೆ ಮಾಡಿಕೊಂಡು ಹೋದರು. ಮಳೆಗಾಲ ಕಳೆಯುವುದರೊಳಗೆ ಕೆರೆ ಮಂಜೂರಾಯಿತು.

ಮಂಜೂರಾದದ್ದು ಅರ್ಧ. ಏರಿಗೆ, ಎಂದರೆ ನೀರು ತಡೆಯುವ ಮಣ್ಣಿನ ದಿಂಡಿಗೆ, ಈ ವರ್ಷದ ಹಣ. ಕೋಡಿಗೆ ಮುಂದಿನ ವರ್ಷದ್ದು. ಕೆರೆ ತುಂಬಿದಾಗ ಹೆಚ್ಚಿನ ನೀರು ಏರಿಗೆ ತೊಂದರೆ ಕೊಡದೆ ಪಕ್ಕದಿಂದ ಹರಿದು ಹೋಗಲು ಕಲ್ಲು ಕಟ್ಟಿ ಮಾಡುವ ದಾರಿಯೇ ಕೋಡಿ. ಸದ್ಯಕ್ಕೆ ಗುಡ್ಡದ ಮಗ್ಗುಲಿನಲ್ಲಿ ಮಣ್ಣು ಬಗೆದು ಒಂದು ಕಾಲುವೆ ಬಿಟ್ಟರೆ ಸಾಕು, ಕಲ್ಲಿನ ಕೆಲಸ ಬರುವ ವರ್ಷ ಎಂದರು. ಹಣ ಮಾರ್ಚಿನೊಳಗೆ ಖರ್ಚಾಗಬೇಕು, ಇಲ್ಲದಿದ್ದರೆ ವಾಪಸು ಹೋಗುತ್ತದೆ. ಆದ್ದರಿಂದ ಏರಿ ಒಂದೇ ಬೇಸಿಗೆಯಲ್ಲಿ ಎದ್ದಿತು. ಮಣ್ಣಿಗೆ ನೀರು ಚಿಮುಕಿಸಿ ತುಳಿದು ಕೂರಿಸಬೇಕು. ನೀರೇ ಇಲ್ಲದ ಊರಿನಲ್ಲಿ ಎಷ್ಟು ಚಿಮುಕಿಸಿದರೋ!

ಏರಿಯ ಕೆಳಗೆ ಕೆಳಕೇರಿ ಇತ್ತು. ಕೆಲವೇ ಗುಡಿಸಲುಗಳು. ಅವರು ಈ ಊರಿನವರಲ್ಲ, ಮುಳುಗಡೆಯವರು. ಶರಾವತಿಗೆ ದೊಡ್ಡ ಅಣೆಕಟ್ಟು ಕಟ್ಟಿದಾಗ ಬ್ಯಾಕೋಡಿನ ಆ ಕಡೆ ಇವರ ಮನೆ, ಗದ್ದೆ, ದೇವರ ಕಲ್ಲು ಎಲ್ಲ ನೀರಿನ ಪಾಲಾಗಿ, ಎಲ್ಲೆಲ್ಲೋ ಅಲೆದು ಇಲ್ಲಿಗೆ ಬಂದು ಕೂತವರು. ತಮ್ಮ ತಲೆಯ ಮೇಲೆ ಮತ್ತೊಂದು ಕೆರೆ ಏಳುವುದನ್ನು ಅವರು ನೋಡುತ್ತಿದ್ದರು. ಕೆಲಸಕ್ಕೆ ಬಂದು ಮಣ್ಣೂ ಹೊತ್ತರು. ಕೇರಿಯ ಹಿರಿಯಳು ಒಬ್ಬ ಅಜ್ಜಿ, ಬಾಯಿ ತುಂಬ ಎಲೆಯಡಿಕೆ, ಕಂಕುಳಲ್ಲಿ ಯಾವಾಗಲೂ ಒಂದು ಕೋಳಿ. ಆಕೆ ಒಂದು ದಿನ ದೊಡ್ಡಮನೆಯ ಜಗಲಿಯ ಕೆಳಗೆ ನಿಂತು ಹೇಳಿದಳು.

"ಅಮ್ಮಾ, ನಿಮ್ಮನೆ ದಿಬ್ಬದ ಮೇಲದೆ. ಕೆರೆ ನಿಮ್ಗೆ ಚಂದ ಕಾಣ್ತದೆ. ನಾವು ಒಂದ್ ಸಲ ಮುಳುಗಿ ಬಂದೋರು."

ಮೆಂಬರಮ್ಮ ಅಂದು ಎಂದಿನ ಹಾಗೆ "ಎಂತ ಆಗೂದಿಲ್ಲ" ಎನ್ನಲಿಲ್ಲ. "ಹಂಗಾದ್ರೆ ನಾನೂ ಕೆಳಗೇ ಬಂದು ಇರ್ತೀನಿ," ಎಂದರು.

ಏರಿಗೂ ಕೆಳಕೇರಿಗೂ ನಡುವೆ ದೊಡ್ಡಮನೆಯವರ ಹಳೆಯ ಕಣದ ಮನೆ ಇತ್ತು. ಅದಕ್ಕೆ ಸುಣ್ಣ ಹೊಡೆಸಿ, ಹೆಂಚು ತಿರುವಿ, ಒಂದು ಹಸು, ಎರಡು ಪೆಟ್ಟಿಗೆ ತೆಗೆದುಕೊಂಡು ಇಳಿದೇಬಿಟ್ಟರು. ಮೈದುನ ಕೈಮುಗಿದರು, ಓರಗಿತ್ತಿ ಅತ್ತಳು, ಯಾರ ಮಾತೂ ನಡೆಯಲಿಲ್ಲ. ನಾನೂ ಹಿಂದೆ ಹೋದೆ. ಧೈರ್ಯದಿಂದ ಹೋದೆನೆಂದು ಯಾರೂ ತಿಳಿಯಬಾರದು. ಅವರಿಲ್ಲದ ಮನೆಯಲ್ಲಿ ನಾನಿರುವುದು ಚಂದವಲ್ಲ, ಅಷ್ಟೆ. ಅನ್ನ ಹಾಕುವವರು ಹೋದ ಕಡೆ ತಟ್ಟೆಯೂ ಹೋಗಬೇಕಲ್ಲ.

ಆ ಮನೆಯ ಮೊದಲ ಮಳೆಗಾಲ ನೆನೆದರೆ ಈಗಲೂ ಕಾಲು ತಣ್ಣಗಾಗುತ್ತದೆ. ಕೆರೆ ತುಂಬುತ್ತಾ ಬಂದಂತೆ ನೀರು ನಮ್ಮ ಮಾಡಿಗಿಂತ ಮೇಲಾಯಿತು. ಏರಿಯ ಮೇಲೆ ಬಟ್ಟೆ ಒಗೆಯಲು ಬಂದ ಹೆಂಗಸರ ಒದ್ದೆ ಪಾದಗಳು ನಮ್ಮ ಹೆಂಚಿನ ಸಾಲಿಗಿಂತ ಎತ್ತರದಲ್ಲಿ ಕಾಣುತ್ತಿದ್ದವು. ನೀರುಕಾಗೆಯೊಂದು ರೆಕ್ಕೆ ಬಡಿದು ಮೇಲೆದ್ದರೆ ಅದು ಆಕಾಶದಿಂದಲೇ ಎದ್ದ ಹಾಗೆ ಅನ್ನಿಸುತ್ತಿತ್ತು. ಅಡುಗೆಮನೆಯ ಹಿಂಗೋಡೆಗೆ ಬೆನ್ನು ಕೊಟ್ಟು ಕೂತರೆ ಆ ಕಡೆ ಇಷ್ಟೊಂದು ನೀರು ನಿಂತಿದೆಯಲ್ಲ ಎಂದು ಬೆನ್ನು ಜುಮ್ಮೆನ್ನುತ್ತಿತ್ತು. ಪಾಠ ಹೇಳಲು ಶಾಲೆಗೆ ದಿಬ್ಬ ಹತ್ತಿ ಹೋದಾಗ ಉಸಿರು ಬಿಡುತ್ತಿದ್ದೆ, ಸಂಜೆ ಇಳಿಯುವಾಗ ಮತ್ತೆ ಹಿಡಿಯುತ್ತಿದ್ದೆ.

ಬಟ್ಟಲಿನ ವಿದ್ಯೆಯನ್ನು ಮೆಂಬರಮ್ಮನಿಗೆ ಹೇಳಿಕೊಟ್ಟು ಹೋದವನು ಮಣ್ಣು ಕೆಲಸದ ಗುಂಪಿನ ಮೇಸ್ತ್ರಿ. ಹೊಸ ಏರಿ ಜಿನುಗಿಯೇ ಜಿನುಗುತ್ತದೆ, ತಿಳಿನೀರು ಬಂದರೆ ಅದು ಕೆರೆಯ ಬೆವರು, ಹೆದರಬೇಡಿ. ಮಣ್ಣು ಕಲೆಸಿದ ನೀರು ಬಂದರೆ ಒಳಗೆ ಏರಿ ಕರಗುತ್ತಿದೆ, ನಿಲ್ಲಬೇಡಿ ಎಂದಿದ್ದನಂತೆ. ಅಂದಿನಿಂದ ಬೆಳಗಿನ ಪೂಜೆ ಅದೇ ಆಯಿತು.

ಕೆಳಕೇರಿಯವರು ಮಾತ್ರ ನಿಧಾನವಾಗಿ ಗೆಲುವಾದರು. ಮಳೆ ಸುರಿದ ದಿನ ಯಾರಿಗಾದರೂ ಅಳುಕಾದರೆ ನಮ್ಮ ಮನೆಯ ಕಡೆ ನೋಡುವರು. ಮೆಂಬರಮ್ಮ ಜಗಲಿಯ ಮೇಲೆ ಹುಣಿಸೆಹಣ್ಣು ಬಿಡಿಸುತ್ತಾ ಕೂತಿರುವರು. ಅಷ್ಟು ಕಂಡರೆ ಸಾಕು, ಒಳಗೆ ಹೋಗಿ ಒಲೆ ಹೊತ್ತಿಸುವರು. ಮಳೆ ಜೋರಾದ ದಿನ ಮೆಂಬರಮ್ಮ ಊಟ ಮಾಡುತ್ತಿರಲಿಲ್ಲ. ಊರಿನವರು ಅದನ್ನು ವ್ರತ ಎಂದುಕೊಂಡಿದ್ದರು. ಕೆರೆಗಾಗಿ ಮಳೆರಾಯನಿಗೆ ಉಪವಾಸ ಹಿಡಿದಿದ್ದಾರೆ ಎಂದು ಹೆಂಗಸರು ಹೊಗಳುವರು. ನಾನೂ ಹಾಗೇ ತಿಳಿದಿದ್ದೆ. ಒಂದು ಮಧ್ಯಾಹ್ನ ಮಳೆ ಹೊಡೆಯುತ್ತಿದ್ದಾಗ ಒತ್ತಾಯ ಮಾಡಿ ಬಡಿಸಿದೆ. ತುತ್ತು ಬಾಯಿಗೆ ಹಾಕಿಕೊಂಡರು. ಅಗಿದರು, ಅಗಿದರು. ನುಂಗಲು ಆಗಲಿಲ್ಲ. ಎದ್ದು ಹೋಗಿ ಹಿತ್ತಿಲಲ್ಲಿ ಉಗುಳಿ ಬಂದರು.

"ಯಾರಿಗೂ ಹೇಳ್ಬೇಡ, ಹುಡ್ಗಿ," ಎಂದರು. ಮತ್ತೆ ಜಗಲಿಗೆ ಹೋಗಿ ಹುಣಿಸೆಹಣ್ಣಿನ ಮುಂದೆ ಕೂತರು.

ಆ ಕ್ಷಣ ನನಗೆ ನಿಜವಾದ ಹೆದರಿಕೆ ಹುಟ್ಟಿತು. ಅಲ್ಲಿಯವರೆಗೆ ನಾನು ಹೆದರುತ್ತಿದ್ದರೂ, ಮನೆಯಲ್ಲಿ ಹೆದರದವರು ಒಬ್ಬರಿದ್ದಾರಲ್ಲ ಎಂಬ ಆಸರೆಯಿತ್ತು. ಆ ಆಸರೆ ಹೋಯಿತು. ಆದರೆ ವಿಚಿತ್ರವೆಂದರೆ ಅವರ ಮೇಲಿನ ಪ್ರೀತಿ ಹೆಚ್ಚಾದದ್ದೂ ಅಂದೇ.

ಆ ಮಳೆಗಾಲ ಹೇಗೋ ಕಳೆಯಿತು. ಮಣ್ಣು ಬಗೆದ ಕೋಡಿಯಲ್ಲಿ ನೀರು ಹರಿದು ಹರಿದು ಅದು ಆಳವಾಗಿ ಕೊರೆದುಹೋಯಿತು. ದೀಪಾವಳಿಯ ಹೊತ್ತಿಗೆ ಕೆರೆಯ ಅರ್ಧ ನೀರು ಆ ದಾರಿಯಲ್ಲಿ ವ್ಯರ್ಥವಾಗಿ ಹೋಗಿತ್ತು. ಇನ್ನು ಕಲ್ಲು ಕಟ್ಟಿಸಲೇಬೇಕು ಎಂದು ಮೆಂಬರಮ್ಮ ಸಾಗರದ ಬಸ್ಸು ಹತ್ತಿದರು. ಹೋದವರು ಸಂಜೆ ಬಂದು ಜಗಲಿಯಲ್ಲಿ ಚೀಲವಿಟ್ಟು ಕೂತರು. ಮುಖ ಸಪ್ಪಗಿತ್ತು.

"ಎಂತ ಅಂದ್ರು?" ಎಂದೆ.

"ನಿಮ್ಮಲ್ಲಿ ಈ ಸಲ ಮಳೆ ಬಂತಲ್ಲ ಅಂದ್ರು. ಮಳೆ ಬಂದ ಊರಿಗೆ ಬರದ ದುಡ್ಡು ಕೊಡೂಕೆ ಬರೂದಿಲ್ಲಂತೆ. ಪಟ್ಟಿಯಿಂದ ನಮ್ಮ ಹೆಸ್ರು ತೆಗ್ದಾಯ್ತು." ಚೀಲ ಬದಿಗೆ ಸರಿಸಿ, "ಮಳೆ ಬಂತು ಅಂತ್ಲೇ ಅಲ್ದಾ ಹುಡ್ಗಿ, ಕೋಡಿ ಬೇಕಾಗಿರೂದು?" ಎಂದರು. ನನಗೆ ಕೇಳಿದ ಹಾಗಿರಲಿಲ್ಲ ಅದು.

ಸರ್ಕಾರ ಕಟ್ಟದಿದ್ದರೆ ನಾವೇ ಕಟ್ಟೋಣ ಎಂದು ಊರು ಹೊರಟಿತು. ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಹಳ್ಳಗಳಿಗೆ ಅಡ್ಡ ಕಟ್ಟೆ ಹಾಕುವುದು ಎಲ್ಲರಿಗೂ ಗೊತ್ತಿದ್ದ ಕೆಲಸ. ಗೂಟ ಹೊಡೆದು, ಸೊಪ್ಪು ಒತ್ತಿ, ಜೇಡಿಮಣ್ಣು ಮೆತ್ತಿ ನೀರು ನಿಲ್ಲಿಸುತ್ತಾರೆ. ಅದನ್ನು ಯಾರೂ ಬಿಚ್ಚುವುದಿಲ್ಲ. ಮುಂಗಾರಿನ ಮೊದಲ ಪ್ರವಾಹ ಬಂದು ತಾನೇ ಕೊಚ್ಚಿಕೊಂಡು ಹೋಗುತ್ತದೆ. ಅಜ್ಜನ ಕಾಲದಿಂದ ಹಾಗೇ. ಅದೇ ಬಗೆಯ ಕಟ್ಟೆಯನ್ನು ಎಲ್ಲರೂ ಸೇರಿ ಕೋಡಿಯ ಬಾಯಿಗೆ ಹಾಕಿದರು. ಕೆಳಕೇರಿಯವರೂ ಬಂದರು, ದೊಡ್ಡಮನೆಯವರೂ ಬಂದರು. ಹಾಡು, ಚೇಷ್ಟೆ, ಮಂಡಕ್ಕಿ. ಮೆಂಬರಮ್ಮನೇ ಮೊದಲ ಬುಟ್ಟಿ ಮಣ್ಣು ಸುರಿದರು. ಕೆಲಸ ಚೆನ್ನಾಗಿ ಆಯಿತು. ಆ ಬೇಸಿಗೆ ಕೆರೆಯಲ್ಲಿ ನೀರು ನಿಂತು, ಊರು ಮೊದಲ ಸಲ ಬೇಸಿಗೆಯಲ್ಲಿ ಹಸಿರು ಕಂಡಿತು. ಹಣ ಕೊಡದ ಸರ್ಕಾರವನ್ನು ಎಲ್ಲರೂ ಮರೆತರು.

ಮುಂದಿನ ಮಳೆಗಾಲ ಬಂತು. ಕಟ್ಟೆ ಹೋಗಲಿಲ್ಲ.

ಮೊದಮೊದಲು ಅದು ಯಾರಿಗೂ ದೊಡ್ಡ ವಿಷಯವೆನಿಸಲಿಲ್ಲ. "ಹೋಗ್ತದೆ ಬಿಡಿ, ನೀರು ಇನ್ನೂ ರಭಸ ಬಂದಿಲ್ಲ," ಎನ್ನುತ್ತಿದ್ದರು. ಆದರೆ ಕೆರೆಯ ನೀರಿಗೆ ಹಳ್ಳದ ರಭಸ ಎಲ್ಲಿಂದ ಬರಬೇಕು? ಅದು ಗುದ್ದಲಿಲ್ಲ, ಕೊಚ್ಚಲಿಲ್ಲ, ಸುಮ್ಮನೆ ಬೆರಳು ಬೆರಳು ಏರಿತು. ತಂದ ಕೆಸರನ್ನು ಕಟ್ಟೆಯ ಬುಡಕ್ಕೇ ಮೆತ್ತಿ ಅದನ್ನು ಇನ್ನೂ ಗಟ್ಟಿ ಮಾಡಿತು. ಕಟ್ಟೆಯ ಮೇಲೆ ಹುಲ್ಲು ಬೆಳೆದು ಬೇರು ಬಿಟ್ಟಿತು. ಆರಿದ್ರಾ ಮಳೆ ಹೋಗಿ ಪುನರ್ವಸು ಹಿಡಿಯಿತು. ಗದ್ದೆಗೆ ನೀರು ಬಿಡುವ ತೂಬು ಎಂದೋ ತೆರೆದಿತ್ತು, ಆದರೆ ಅದರ ಸಣ್ಣ ಬಾಯಿಯಿಂದ ಎಷ್ಟು ಹೋದೀತು! ಮೆಂಬರಮ್ಮ ದಿನಾ ಸಂಜೆ ಏರಿ ಹತ್ತಿ ಕಟ್ಟೆಯ ಕಡೆ ನೋಡಿ ಬರುವರು. ಬಂದು, "ನಾಳೆ ಹೋಗ್ತದೆ," ಎನ್ನುವರು. ತಮ್ಮ ತವರಿನಲ್ಲಿ ಒಂದು ವರ್ಷವೂ ಕಟ್ಟೆ ಹೋಗದೆ ಉಳಿದದ್ದಿಲ್ಲವಂತೆ. ನನ್ನ ತವರಿನಲ್ಲೂ ಉಳಿದದ್ದಿಲ್ಲ.

ಪುಷ್ಯ ಮಳೆ ಹಿಡಿದ ಮೇಲೆ ಬಿಡುವೇ ಇಲ್ಲ. ಆ ಬೆಳಗ್ಗೆ ನಾನು ಶಾಲೆಗೆ ಹೊರಡುತ್ತಿದ್ದೆ. ಕಾಫಿ ಇನ್ನೂ ಆಗಿರಲಿಲ್ಲ. ಹಿತ್ತಿಲಿನಿಂದ, "ಅಕ್ಕೋರೆ, ಇಲ್ಲಿ ಬನ್ನಿ," ಎಂದು ಕೇಳಿತು. ಮನೆಯೊಳಗೆ ಅವರು ನನ್ನನ್ನು ಅಕ್ಕೋರೆ ಎಂದವರೇ ಅಲ್ಲ. ಚೀಲ ಅಲ್ಲೇ ಬಿಟ್ಟು ಹೋದೆ.

ಬಟ್ಟಲು ಮುಂದೆ ಹಿಡಿದರು. "ಇದ್ರ ಬಣ್ಣ ಎಂತ?"

ಹಾಲು ಕಡಿಮೆ ಹಾಕಿದ ಚಹಾದ ಬಣ್ಣ. ಅವರು ಬಟ್ಟಲಿನ ನೀರನ್ನು ಚೆಲ್ಲಲಿಲ್ಲ. ಹಾಗೇ ಹಿಡಿದುಕೊಂಡು, "ದೊಡ್ಮನೆಗೆ ಓಡಿ. ಗುದ್ದಲಿ, ಪಿಕಾಸಿ ತಗಂಡು ಗಂಡಸ್ರೆಲ್ಲ ಕೋಡಿಗೆ ಹೋಗ್ಲಿ, ಕಟ್ಟೆ ಕಡೀಲಿ ಅಂತ ನನ್ನ ಮೈದುನಂಗೆ ಹೇಳಿ. ಹೇಳಿ ಕೆಳಕೇರಿಗೆ ಬನ್ನಿ," ಎಂದರು.

ದಿಬ್ಬ ಹತ್ತಿದ್ದು, ಹೇಳಿದ್ದು, ಇಳಿದದ್ದು ಯಾವುದೂ ನನಗೆ ಸರಿಯಾಗಿ ನೆನಪಿಲ್ಲ. ಮೇಲೆಯೇ ಉಳಿದುಬಿಡಬಹುದಿತ್ತು. ಆ ಯೋಚನೆ ಬಂದಿತ್ತು ಎಂಬುದು ಮಾತ್ರ ನೆನಪಿದೆ.

ನಾನು ಹೋಗುವಾಗ ಮೆಂಬರಮ್ಮ ಅಜ್ಜಿಯ ಗುಡಿಸಲ ಮುಂದೆ ನಿಂತು ಬೇಡಿಕೊಳ್ಳುತ್ತಿದ್ದರು. ಎಲ್ಲರೂ ಮಕ್ಕಳು ಮರಿ ಕಟ್ಟಿಕೊಂಡು ಶಾಲೆಗೆ ಹೋಗಿ, ಏರಿ ನಂಬುವ ಹಾಗಿಲ್ಲ ಎಂದು. ಹೆಂಗಸರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು, ಯಾರೂ ಅಲುಗಲಿಲ್ಲ. ಅಜ್ಜಿ ಒಲೆಯ ಮುಂದಿನಿಂದ ಏಳಲೇ ಇಲ್ಲ.

"ಒಂದ್ ಸಲ ಓಡ್ ಬಂದಾಯ್ತಲ್ಲ ಅಮ್ಮಾ. ಇನ್ನೆಲ್ಲಿಗೆ ಓಡೂದು?" ಎಂದಳು. "ಅಲ್ದೆ ನೀವೇ ಇಲ್ಲಿದೀರಿ. ನೀವು ಕೂತಿದ್ದೇ ನಮ್ಗೆ ಧೈರ್ಯ."

"ಬಟ್ಟಲು ನೋಡು. ನೀರು ಕೆಂಪಾಗಿದೆ."

"ಮಳೆಗಾಲದ ನೀರು ಕೆಂಪಿರ್ದೆ ಇನ್ನೆಂತ ಇರ್ತದೆ?" ಅಜ್ಜಿ ನಕ್ಕಳು. ಅವಳ ಜೊತೆ ಬಾಗಿಲಲ್ಲಿದ್ದವರೂ ನಕ್ಕರು. ಪ್ರೀತಿಯ ನಗುವೇ ಅದು. ಮೆಂಬರಮ್ಮನಿಗೆ ಭಯವೆಂದರೆ ಯಾರು ನಂಬುತ್ತಾರೆ?

ಮೆಂಬರಮ್ಮ ಅವರ ಮುಖಗಳನ್ನು ನೋಡಿದರು. ಆಮೇಲೆ ತಿರುಗಿ ನಮ್ಮ ಮನೆಯೊಳಗೆ ಹೋದರು. ಬೇಜಾರಾಗಿ ಹೋದರು ಎಂದುಕೊಂಡೆ. ಮಳೆಯಲ್ಲಿ ನಿಂತು ಅವರ ದಾರಿ ನೋಡಿದೆ. ಹಸುವಿನ ಹಗ್ಗ ಬಿಚ್ಚಿದ ಸದ್ದಾಯಿತು, ಹಸು ಹೊರಗೆ ನುಗ್ಗಿತು. ಅದರ ಹಿಂದೆ ಮೆಂಬರಮ್ಮ. ತಲೆಯ ಮೇಲೆ ಹಾಸಿಗೆ ಸುರುಳಿ, ಕಂಕುಳಲ್ಲಿ ತಂಬಿಗೆ, ಸೀರೆ ಮೊಣಕಾಲಿನ ಮೇಲೆ, ಬಿಚ್ಚಿ ಹಾರುವ ಕೂದಲು.

"ಅಯ್ಯಯ್ಯೋ! ಏರಿ ಹೋಯ್ತೋ! ನಾ ಸಾಯ್ತೀನೋ! ನನ್ನ ಬಿಡ್ರೋ!"

ಆ ದನಿ ನಾನು ಅದುವರೆಗೆ ಕೇಳಿರಲಿಲ್ಲ. ಬಾಯಿ ಬಡಿದುಕೊಳ್ಳುತ್ತಾ, ಅಳುತ್ತಾ, ಕೆಳಕೇರಿಯ ನಟ್ಟನಡುವಿನ ದಾರಿಯಲ್ಲಿ ಓಡಿದರು. ಕೆಸರಿನಲ್ಲಿ ಜಾರಿ ಬಿದ್ದರು. ಹಾಸಿಗೆ ಹೋಯಿತು. ಎದ್ದು, ಒಮ್ಮೆಯೂ ಹಿಂದೆ ನೋಡದೆ ಮತ್ತೆ ಓಡಿದರು. ಅವರಿಗೆ ಬುದ್ಧಿಭ್ರಮಣೆಯಾಯಿತು ಎಂದುಕೊಂಡು ನಾನೂ ಕಿರುಚಿದೆ. ನನ್ನ ಕಿರುಚಾಟದಲ್ಲಿ ನಾಟಕವೇನೂ ಇರಲಿಲ್ಲ. ಬಾಗಿಲುಗಳಲ್ಲಿ ನಗು ನಿಂತಿತು.

"ಮೆಂಬರಮ್ಮನೇ ಓಡ್ತಾಳಲ್ರೇ!" ಎಂದಳು ಯಾರೋ ಒಬ್ಬಳು.

ಅಷ್ಟೇ ಸಾಕಾಯಿತು. ಒಲೆಯ ಮೇಲಿನ ಗಂಜಿ ಒಲೆಯ ಮೇಲೇ ಉಳಿಯಿತು. ಮಕ್ಕಳನ್ನು ಸೊಂಟಕ್ಕೆ ಹಾಕಿಕೊಂಡು, ಮೇಕೆಗಳನ್ನು ಎಳೆದುಕೊಂಡು ಇಡೀ ಕೇರಿ ಅವರ ಹಿಂದೆ ದಿಬ್ಬ ಹತ್ತಿತು. ಯಾರಿಗೂ ಯಾರೂ ದಾರಿ ಹೇಳಬೇಕಾಗಲಿಲ್ಲ.

ಶಾಲೆಯ ಜಗಲಿ ಮುಟ್ಟಿದ ಕೂಡಲೇ ಮೆಂಬರಮ್ಮನ ಕೂಗು ನಿಂತುಹೋಯಿತು. ಕಂಬ ಹಿಡಿದು ನಿಂತು, ಏದುಸಿರು ಬಿಡುತ್ತಾ, ಹತ್ತಿ ಬಂದವರ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು. ಎಲ್ಲರಿಗಿಂತ ಕೊನೆಗೆ ಅಜ್ಜಿ ಬಂದಳು, ಕಂಕುಳಲ್ಲಿ ಕೋಳಿ, ಬಾಯಲ್ಲಿ ಬೈಗುಳ. ಅವಳನ್ನು ಕಂಡ ಮೇಲೆ ಮೆಂಬರಮ್ಮ ಅಲ್ಲೇ ನೆಲಕ್ಕೆ ಕುಸಿದು ಕೂತರು.

ಆ ಹೊತ್ತಿಗೆ ಗಂಡಸರು ಕೋಡಿಯ ಕಟ್ಟೆ ಕಡಿದಿದ್ದರು; ನೀರು ಆ ಕಡೆ ನುಗ್ಗುವ ಸದ್ದು ಕೇಳುತ್ತಿತ್ತು. ಇನ್ನೇನು ಬಚಾವಾದೆವು ಎನ್ನುವಾಗ ನಮ್ಮ ಮನೆಯ ಹಿಂದಿನ ಏರಿ ಜಾರಿತು. ಭಾರೀ ಸದ್ದೇನಲ್ಲ. ಒದ್ದೆ ಮೂಟೆಯೊಂದನ್ನು ಬಂಡಿಯಿಂದ ಇಳಿಸಿದ ಹಾಗೆ. ಆಮೇಲೆ ಕೆಂಪು ನೀರು ಬಂತು. ಸುಣ್ಣ ಹೊಡೆದ ನಮ್ಮ ಮನೆ ಒಂದು ಕ್ಷಣ ನಿಂತ ಹಾಗೆ ಕಂಡಿತು, ಮತ್ತೆ ನೋಡಿದರೆ ಇರಲಿಲ್ಲ. ಕೆಳಕೇರಿಯ ಗುಡಿಸಲುಗಳೂ ಅದರ ಹಿಂದೆಯೇ ಹೋದವು. ಕೋಡಿ ತೆರೆದಿದ್ದರಿಂದ ಉಳಿದ ಏರಿ ನಿಂತಿತು. ಒಂದು ಜೀವವೂ ಹೋಗಲಿಲ್ಲ. ಅಜ್ಜಿ ಮೆಂಬರಮ್ಮನ ಪಕ್ಕದಲ್ಲಿ ಕೂತು, ಅವರ ಬಿಚ್ಚಿದ ಕೂದಲನ್ನು ಬಾಚಿ ಕಟ್ಟಿದಳು.

ಆದರೆ ಸುದ್ದಿ ಹೋಗುವಾಗ ಬೇರೆಯದೇ ಆಗಿ ಹೋಗುತ್ತದೆ. ಏರಿ ಒಡೆಯುವ ಮೊದಲೇ ಮೆಂಬರಮ್ಮ ಹಾಸಿಗೆ ಕಟ್ಟಿಕೊಂಡು ಓಡಿದಳಂತೆ ಎಂದು ಕೆಳದಿಯವರೆಗೂ ಸುದ್ದಿ ಮುಟ್ಟಿತು. ಕೆರೆ ತಂದವಳೇ ಮೊದಲು ಓಡಿದಳು ಎಂದು ಸಂತೆಯಲ್ಲಿ ನಕ್ಕರು. ಬೋರ್ಡಿನ ಸಭೆಯಲ್ಲಿ ಒಬ್ಬರು, "ತಾವೇ ಮೊದಲು ಓಡಿದಿರಂತೆ?" ಎಂದು ಎಲ್ಲರೆದುರು ಕೇಳಿದರಂತೆ. ಇವರು ಅದೇ ಮೆಲ್ಲನೆಯ ದನಿಯಲ್ಲಿ, "ಹೌದು, ಓಡ್ದೆ. ಈಗ ಕೋಡಿ ದುಡ್ಡಿನ ಮಾತಾಡಿ," ಎಂದರಂತೆ. ಇದನ್ನು ನನಗೆ ಹೇಳಿದವರು ಮೈದುನ. ಮೆಂಬರಮ್ಮ ತಾವಾಗಿ ಆ ಮಾತೆತ್ತಲಿಲ್ಲ.

ಹಣ ಬಂತು. ಬರದ ಲೆಕ್ಕದಲ್ಲಿ ಬಾರದೆ ಹೋದದ್ದು ನೆರೆಯ ಲೆಕ್ಕದಲ್ಲಿ ಬಂತು. ಏರಿ ಮತ್ತೆ ಎದ್ದಿತು, ಕೋಡಿಗೆ ಕಲ್ಲು ಬಿತ್ತು, ಕೆಳಕೇರಿಯವರಿಗೆ ದಿಬ್ಬದ ಮಗ್ಗುಲಲ್ಲಿ ಜಾಗವಾಯಿತು. ಅದೇ ಇಂಜಿನಿಯರು ಕೆಲಸ ನೋಡಲು ಬಂದಾಗ ಮೆಂಬರಮ್ಮ ಬೆಲ್ಲದ ತಟ್ಟೆ ತಂದಿಟ್ಟರು. ಲೋಟ ತುಂಬ ನೀರಿತ್ತು. ಆ ಮನುಷ್ಯ ಲೋಟವನ್ನು ಎತ್ತದೆ ಬಹಳ ಹೊತ್ತು ನೋಡುತ್ತಾ ಕೂತಿದ್ದರು. "ಕುಡೀರಿ ಸ್ವಾಮಿ, ನಿಮ್ದೇ ನೀರು," ಎಂದರು ಇವರು. ಆಮೇಲಿನ ಚುನಾವಣೆಯಲ್ಲಿ ಅವರನ್ನು 'ಓಡಿದ ಮೆಂಬರಮ್ಮ' ಎಂದು ಆಡಿಕೊಂಡು ಬೇರೆಯವರನ್ನು ಕೂರಿಸಿದರು. ಜಾಗ ಹೋದರೂ ಮೆಂಬರಮ್ಮ ಎಂಬ ಹೆಸರು ಹೋಗಲಿಲ್ಲ.

ನಾನು ಮದುವೆಯಾಗಿ ತೀರ್ಥಹಳ್ಳಿಗೆ ಬಂದೆ. ವರ್ಷಕ್ಕೊಮ್ಮೆ ಹೋಗಿ ಅವರನ್ನು ನೋಡಿ ಬರುತ್ತಿದ್ದೆ. ಕಡೆಯ ಸಲ ಹೋದಾಗ ಹಾಸಿಗೆ ಹಿಡಿದಿದ್ದರು. ದೊಡ್ಡಮನೆಯ ಅದೇ ಕೋಣೆ. ಬಟ್ಟಲು ಕಿಟಕಿಯಲ್ಲಿತ್ತು, ಅಂದು ಅವರು ಓಡುವಾಗ ತಂಬಿಗೆಯೊಳಗೆ ಹಾಕಿಕೊಂಡು ತಂದ ವಸ್ತು ಅದೊಂದೇ. ಅಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದನ್ನು ಆ ದಿನ ಕೇಳಿದೆ.

"ಎಷ್ಟ್ ಚೆಂದ ನಾಟಕ ಮಾಡಿದ್ರಿ ಅಮ್ಮಾ ಅವತ್ತು. ನಾನೇ ನಂಬಿಬಿಟ್ಟಿದ್ದೆ."

ಅವರು ನಕ್ಕರು. ನಗಲು ಕಷ್ಟವಾಗುತ್ತಿತ್ತು.

"ನಾಟಕ ಅಲ್ಲ ಹುಡ್ಗಿ. ಜಗಲಿ ಮೇಲೆ ಹುಣಿಸೆಹಣ್ಣು ಬಿಡಿಸ್ತಾ ಕೂರ್ತಿದ್ನಲ್ಲ, ಅದು ನಾಟಕ. ಎರಡು ಮಳೆಗಾಲ ಆಡ್ದೆ. ಅವತ್ತು ಬರೀ ಬಾಯಿ ಬಿಟ್ಟೆ, ಅಷ್ಟೆ. ಓಡಿದ್ದೂ ನಿಜ, ಅತ್ತಿದ್ದೂ ನಿಜ." ಸ್ವಲ್ಪ ಸುಧಾರಿಸಿಕೊಂಡು, "ಮೊದ್ಲೇ ಹೆದ್ರಿಕೆ ತೋರಿಸಿದ್ರೆ ಮನೆಗಳನ್ನಾದ್ರೂ ಮೇಲೆ ತರಬಹುದಿತ್ತು," ಎಂದರು.

ಆ ಆಷಾಢದಲ್ಲೇ ಅವರು ತೀರಿಕೊಂಡರು. ನಾನು ಮುಟ್ಟುವಾಗ ಎಲ್ಲ ಮುಗಿದಿತ್ತು. ಹೊತ್ತವರು ಕೆಳಕೇರಿಯವರಂತೆ, ಮೈದುನನ ಮಕ್ಕಳಿಗೂ ಹೆಗಲು ಕೊಡಲು ಬಿಡಲಿಲ್ಲವಂತೆ. ಕೆಳಗಿನಿಂದ ಶಾಲೆಗೆ ಹತ್ತುವ ದಾರಿಗೆ ಈಗಲೂ ಊರಿನವರು ಮೆಂಬರಮ್ಮ ಓಡಿದ ದಾರಿ ಎನ್ನುತ್ತಾರೆ. ಹಾಗೆನ್ನುವಾಗ ಯಾರೂ ನಗುವುದಿಲ್ಲ.

ಬಟ್ಟಲು ನನ್ನ ಮನೆಯಲ್ಲಿದೆ. ಮಳೆಗಾಲದಲ್ಲಿ ತುಂಗೆ ಏರಿ ಬಂದಾಗ ಮನೆಯವರೆಲ್ಲ ನೋಡಲು ಹೊಳೆಯ ದಡಕ್ಕೆ ಹೋಗುತ್ತಾರೆ. ನೀನೂ ಬಾ ಎನ್ನುತ್ತಾರೆ. ಹಿಂದೆಲ್ಲ ತಲೆನೋವು, ಒಲೆಯ ಮೇಲೆ ಹಾಲಿದೆ ಎಂದು ಏನಾದರೂ ನೆಪ ಹೇಳುತ್ತಿದ್ದೆ. ಈಗ ಹೇಳುವುದಿಲ್ಲ. ನನಗೆ ಹೆದರಿಕೆಯಾಗುತ್ತದೆ, ನೀವೂ ಅಷ್ಟು ಹತ್ತಿರ ಹೋಗಬೇಡಿ, ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳುತ್ತೇನೆ.